ವಿಸ್ಲರ್‌ನ ಎಚಿಂಗ್: ಮಸಿ ಉಳಿಯುವುದು ಎಲ್ಲಿ?

ಎಚಿಂಗ್ ಎಂದರೆ ಲೋಹದ ಪ್ಲೇಟಿನ ಮೇಲೆ ಆ್ಯಸಿಡ್‌ನಿಂದ ಗೆರೆ ಕೊರೆದು, ಅದರಿಂದ ಕಾಗದದ ಮೇಲೆ ಚಿತ್ರದ ಅಚ್ಚು ತೆಗೆಯುವ ವಿಧಾನ. ಅದರಲ್ಲಿ ಮಸಿ ಎಲ್ಲಿ ನಿಲ್ಲುತ್ತದೆ ಅನ್ನುವ, ಎರಡು ವಾರದಿಂದ ಕಾಡುತ್ತಿದ್ದ ವಿಷಯ ನಿನ್ನೆ ರಾತ್ರಿ ಕೊನೆಗೂ ತಲೆಗೆ ಹತ್ತಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಕಲಾ ಇತಿಹಾಸ ಓದುತ್ತಾ ವಿಸ್ಲರ್‌ನ ಹತ್ತಿರ ಬಂದು ನಿಂತವರಿಗೆ ಇದು ಉಪಯೋಗವಾಗಬಹುದು.

ಬದುಕು, ವೆನಿಸ್‌ಗೆ ಹೋಗುವವರೆಗೆ

ಚಿತ್ರಕಾರ ಜೇಮ್ಸ್ ಮ್ಯಾಕ್‌ನೀಲ್ ವಿಸ್ಲರ್ ಹುಟ್ಟಿದ್ದು 1834ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೋವೆಲ್ ಊರಿನಲ್ಲಿ. ಅಪ್ಪ ರೈಲ್ವೆ ಎಂಜಿನಿಯರ್. ರಷ್ಯಾದಲ್ಲಿ ಮಾಸ್ಕೋ–ಸೇಂಟ್ ಪೀಟರ್ಸ್‌ಬರ್ಗ್ ರೈಲುದಾರಿಯ ಕೆಲಸ ಸಿಕ್ಕಿದ್ದರಿಂದ ಮನೆಮಂದಿಯೆಲ್ಲ ಅಲ್ಲಿಗೆ ಹೋದರು. ಹುಡುಗ ಅಲ್ಲಿನ ಅಕಾಡೆಮಿಯಲ್ಲಿ ಚಿತ್ರ ಕಲಿತ. 1849ರಲ್ಲಿ ಅಪ್ಪ ಕಾಲರಾದಿಂದ ತೀರಿಕೊಂಡರು, ಸಂಸಾರ ಅಮೆರಿಕಕ್ಕೆ ಮರಳಿತು. 1851ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಶಾಲೆಗೆ ಸೇರಿದ. ಚಿತ್ರದಲ್ಲಿ ಮುಂದು, ರಸಾಯನಶಾಸ್ತ್ರದಲ್ಲಿ ಫೇಲು. 1854ರಲ್ಲಿ ಅಲ್ಲಿಂದ ಹೊರಗೆ ಹಾಕಿದರು.

ಆಮೇಲಿನ ಕೆಲವೇ ತಿಂಗಳುಗಳನ್ನು ನಾವು ಹಗುರವಾಗಿ ದಾಟಿಬಿಡುತ್ತೇವೆ. ಅವನು ವಾಷಿಂಗ್ಟನ್‌ನಲ್ಲಿ ಸರ್ಕಾರದ ಕರಾವಳಿ ಸರ್ವೆ ಕಚೇರಿಗೆ ಸೇರಿದ. ಅಲ್ಲಿ ನಕ್ಷೆಗಳನ್ನು ತಾಮ್ರದ ಪ್ಲೇಟಿನ ಮೇಲೆ ಕೊರೆಯುತ್ತಿದ್ದರು. ಎಚಿಂಗ್ ಕಲಿತದ್ದು ಅಲ್ಲೇ. ಕ್ಯಾಲಿಫೋರ್ನಿಯಾದ ಅನಕಾಪಾ ದ್ವೀಪದ ಪ್ಲೇಟಿನಲ್ಲಿ, ಯಾರೂ ಕೇಳದಿದ್ದರೂ, ಹಕ್ಕಿಗಳ ಹಿಂಡನ್ನು ಸೇರಿಸಿದ. ನನಗೆ ಆ ಹಕ್ಕಿಗಳು ತುಂಬಾ ಇಷ್ಟ.

1855ರಲ್ಲಿ ಪ್ಯಾರಿಸ್‌ಗೆ ಹೋದ. ಮತ್ತೆ ಅಮೆರಿಕಕ್ಕೆ ವಾಪಸ್ ಬರಲೇ ಇಲ್ಲ. 1858ರಲ್ಲಿ ಹನ್ನೆರಡು ಎಚಿಂಗ್‌ಗಳ ‘ಫ್ರೆಂಚ್ ಸೆಟ್’ ಬಂತು. 1859ರಲ್ಲಿ ಲಂಡನ್ ಸೇರಿದ.

ನಾನು ಎಡವಿದ ಜಾಗ

ಪುಸ್ತಕದಲ್ಲಿ ಹೀಗಿತ್ತು: ಪ್ಲೇಟಿಗೆ ಗ್ರೌಂಡ್ ಹಚ್ಚಿ, ಸೂಜಿಯಿಂದ ಗೀಚಿ, ಆ್ಯಸಿಡ್‌ನಲ್ಲಿಟ್ಟು, ಮಸಿ ಹಚ್ಚಿ ಅಚ್ಚು ತೆಗೆಯುತ್ತಾರೆ. ಓದಿದೆ, ಅರ್ಥವಾಯಿತು ಅಂದುಕೊಂಡೆ. ಆದರೆ ‘ಮಸಿ ಹಚ್ಚಿ’ ಅಂದಾಗ ನನ್ನ ತಲೆಯಲ್ಲಿದ್ದದ್ದು ರಬ್ಬರ್ ಸ್ಟಾಂಪ್. ಸ್ಟಾಂಪಿನಲ್ಲಿ ಉಬ್ಬಿದ ಭಾಗಕ್ಕೆ ಮಸಿ ಹತ್ತುತ್ತದೆ, ತಗ್ಗು ಬಿಳಿಯಾಗಿ ಉಳಿಯುತ್ತದೆ. ಹಾಗಾದರೆ ಸೂಜಿಯಿಂದ ಗೀಚಿದ ಗೆರೆ ಬಿಳಿಯಾಗಿ ಬರಬೇಕಲ್ವಾ? ವಿಸ್ಲರ್‌ನ ಗೆರೆಗಳೆಲ್ಲ ಕಪ್ಪು. ಇಲ್ಲಿಗೆ ಬಂದು ಗಾಡಿ ನಿಂತಿತು.

ಗಂಟು ಬಿಡಿಸಿದ್ದು ತಾಳೆಗರಿ. ಓಲೆಗರಿಯ ಮೇಲೆ ಬರೆಯುತ್ತಿದ್ದ ರೀತಿ ನೆನಪಿಸಿಕೊಳ್ಳಿ. ಮೊದಲು ಲೋಹದ ಮೊನೆಯಿಂದ ಅಕ್ಷರ ಕೊರೆಯುತ್ತಾರೆ. ಆಗ ಅಕ್ಷರ ಸರಿಯಾಗಿ ಕಾಣುವುದೂ ಇಲ್ಲ. ಆಮೇಲೆ ಗರಿಯ ತುಂಬ ಕಾಡಿಗೆ, ಎಣ್ಣೆ ಸವರಿ ಬಟ್ಟೆಯಿಂದ ಒರೆಸುತ್ತಾರೆ. ಮೇಲಿನದು ಹೋಗುತ್ತದೆ, ಕೊರೆದ ಗೀರಿನೊಳಗಿನ ಕಪ್ಪು ಅಲ್ಲೇ ಕೂತಿರುತ್ತದೆ. ಎಚಿಂಗ್‌ನಲ್ಲೂ ಮಸಿ ಕೂರುವುದು ಗೀರಿನೊಳಗೇ. ಒಂದೇ ಒಂದು ಹೆಜ್ಜೆ ಜಾಸ್ತಿ: ಗೀರಿನಲ್ಲಿರುವ ಮಸಿಯನ್ನು ಕಾಗದಕ್ಕೆ ಎತ್ತಬೇಕು.

ಈಗ ಮೊದಲಿನಿಂದ ನಿಧಾನವಾಗಿ ನೋಡೋಣ. ಗ್ರೌಂಡ್ ಎಂದರೆ ಮೇಣ, ರಾಳ, ಡಾಂಬರಿನಂಥ ವಸ್ತು ಸೇರಿಸಿದ ತೆಳುವಾದ ಲೇಪ. ಆ್ಯಸಿಡ್ ಅದನ್ನು ತಿನ್ನುವುದಿಲ್ಲ. ಸೂಜಿ ತಾಮ್ರವನ್ನು ಕೊರೆಯುವುದೂ ಇಲ್ಲ, ಲೇಪವನ್ನು ಮಾತ್ರ ಬಿಡಿಸಿ ತಾಮ್ರ ಕಾಣುವಂತೆ ಮಾಡುತ್ತದೆ. ಅದಕ್ಕೇ ಕೈ ಪೆನ್ಸಿಲ್ ಹಿಡಿದಷ್ಟೇ ಸಲೀಸಾಗಿ ಓಡುತ್ತದೆ. ಕೊರೆಯುವ ಕೆಲಸ ಆ್ಯಸಿಡ್‌ನದು, ಅದೂ ತಾಮ್ರ ಕಾಣುವ ಕಡೆ ಮಾತ್ರ. ಆಮೇಲೆ ಲೇಪ ತೆಗೆದು, ಪ್ಲೇಟಿನ ತುಂಬ ಮಸಿ ಮೆತ್ತಿ, ಒರೆಸಿ, ಒದ್ದೆ ಮಾಡಿದ ಕಾಗದ ಹಾಸಿ, ಮೇಲೊಂದು ದಪ್ಪ ಕಂಬಳಿ ಹೊದಿಸಿ ಪ್ರೆಸ್ಸಿನ ರೋಲರ್ ಕೆಳಗೆ ಕಳಿಸುತ್ತಾರೆ. ಒದ್ದೆ ಕಾಗದ ಮೆತ್ತಗಿರುವುದರಿಂದ ಗೀರಿನೊಳಗೆ ಇಳಿದು ಮಸಿಯನ್ನು ಎತ್ತಿಕೊಳ್ಳುತ್ತದೆ. ಕಾಗದ ಒದ್ದೆ ಯಾಕೆ ಅನ್ನುವ ಪ್ರಶ್ನೆಗೂ ಉತ್ತರ ಇಲ್ಲೇ ಸಿಕ್ಕಿತು.

ನನ್ನ ನೆನಪಿನ ಸೂತ್ರ ಇಷ್ಟೇ: ಸ್ಟಾಂಪು ಗುಡ್ಡ, ಎಚಿಂಗ್ ಕೆರೆ. ಕೆರೆಯಲ್ಲಿ ಮಸಿ ನಿಲ್ಲುತ್ತದೆ. ಕೆರೆ ಆಳವಾದಷ್ಟೂ ಕಪ್ಪು ಜಾಸ್ತಿ. ಆ್ಯಸಿಡ್‌ನಲ್ಲಿ ಹೆಚ್ಚು ಹೊತ್ತು ಇಟ್ಟರೆ ಆಳ ಹೆಚ್ಚು. ತೆಳುವಾಗಿಯೇ ಇರಬೇಕಾದ ಗೆರೆಗಳನ್ನು ನಡುವೆ ವಾರ್ನಿಷ್‌ನಿಂದ ಮುಚ್ಚಿ, ಉಳಿದವನ್ನು ಮತ್ತೆ ಆ್ಯಸಿಡ್‌ಗೆ ಬಿಡುತ್ತಾರೆ.

ಇನ್ನೊಂದು: ಕಾಗದ ಪ್ಲೇಟಿಗೆ ಮುಖ ಕೊಟ್ಟು ಮಲಗುತ್ತದೆ. ಹಾಗಾಗಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ನಾನು ಮೊದಲ ಪ್ಲೇಟಿನಲ್ಲಿ ಹೆಸರನ್ನು ನೇರವಾಗಿ ಬರೆದೆ. ಕಾಗದದ ಮೇಲೆ ತಿರುಗಿ ಬಂತು. ಅಂದಿನಿಂದ ಈ ಪಾಠ ಮರೆತಿಲ್ಲ.

ಥೇಮ್ಸ್

ಲಂಡನ್ನಿನಲ್ಲಿ ವಿಸ್ಲರ್ ಥೇಮ್ಸ್ ನದಿಯ ಕೆಳಭಾಗದ ಹಳೇ ಗೋದಾಮು, ದೋಣಿ, ಹಡಗುಕಟ್ಟೆಗಳನ್ನು ಬರೆದ. 1859ರ ‘ಬ್ಲ್ಯಾಕ್ ಲಯನ್ ವಾರ್ಫ್’ನಲ್ಲಿ ಮುಂದೆ ಒಬ್ಬ ಮನುಷ್ಯ ಕೂತಿದ್ದಾನೆ, ಹಿಂದೆ ಗೋದಾಮುಗಳ ಒಂದೊಂದು ಹಲಗೆಯೂ ಕಾಣುತ್ತದೆ. ಇಲ್ಲಿ ಎಲ್ಲವನ್ನೂ ಗೆರೆಯೇ ಹೇಳುತ್ತದೆ. ಇವುಗಳಲ್ಲಿ ಹದಿನಾರು 1871ರಲ್ಲಿ ‘ಥೇಮ್ಸ್ ಸೆಟ್’ ಆಗಿ ಹೊರಬಂದವು. ಅದೇ ವರ್ಷ ಅವನು ತಾಯಿಯ ಪ್ರಸಿದ್ಧ ಚಿತ್ರ ಬರೆದ. ಮುಂದಿನ ಸಲ ಅದನ್ನು ನೋಡುವಾಗ ಹಿಂದಿನ ಗೋಡೆಯ ಚೌಕಟ್ಟನ್ನು ಗಮನಿಸಿ. ಅಲ್ಲಿ ತೂಗುಹಾಕಿರುವುದು ಇದೇ ‘ಬ್ಲ್ಯಾಕ್ ಲಯನ್ ವಾರ್ಫ್’.

ವೆನಿಸ್: ಒರೆಸುವುದೂ ಚಿತ್ರವೇ

1877ರಲ್ಲಿ ವಿಮರ್ಶಕ ಜಾನ್ ರಸ್ಕಿನ್ ವಿಸ್ಲರ್‌ನ ರಾತ್ರಿಯ ಬಾಣಬಿರುಸಿನ ಚಿತ್ರವನ್ನು ಕಟುವಾಗಿ ಹಳಿದ. ವಿಸ್ಲರ್ ಕೋರ್ಟಿಗೆ ಹೋದ. 1878ರ ನವೆಂಬರ್‌ನಲ್ಲಿ ಗೆದ್ದ. ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲುಭಾಗ. ಕೋರ್ಟಿನ ಖರ್ಚು ಬೇರೆ ತಲೆಮೇಲೆ ಬಿತ್ತು. 1879ರಲ್ಲಿ ದಿವಾಳಿಯಾದ, ಮನೆಯೂ ಹೋಯಿತು.

ಆಗ ಲಂಡನ್ನಿನ ಫೈನ್ ಆರ್ಟ್ ಸೊಸೈಟಿ ಎಂಬ ಕಲಾ ಗ್ಯಾಲರಿ ವೆನಿಸ್‌ನ ಹನ್ನೆರಡು ಎಚಿಂಗ್ ಬೇಕೆಂದು ಕೇಳಿತು. ಮೂರು ತಿಂಗಳ ಕೆಲಸ ಅಂದುಕೊಂಡಿದ್ದರು. ವಿಸ್ಲರ್ ಹದಿನಾಲ್ಕು ತಿಂಗಳು ಅಲ್ಲೇ ಉಳಿದ. ಸುಮಾರು ಐವತ್ತು ಪ್ಲೇಟು, ಜೊತೆಗೆ ನೂರರಷ್ಟು ಪೇಸ್ಟಲ್ (ಬಣ್ಣದ ಕಡ್ಡಿಯ) ಚಿತ್ರಗಳೊಂದಿಗೆ ಮರಳಿದ. ಪ್ಲೇಟನ್ನು ಕೈಯಲ್ಲಿ ಹಿಡಿದು ಕಾಲುವೆ, ಸೇತುವೆಗಳ ಎದುರೇ ಬರೆಯುತ್ತಿದ್ದ. ಕಂಡದ್ದನ್ನು ಕಂಡಂತೆಯೇ ಬರೆದ, ತಿರುಗಿಸಲಿಲ್ಲ. ಹಾಗಾಗಿ ಅಚ್ಚಿನಲ್ಲಿ ವೆನಿಸ್ ಕನ್ನಡಿಯಲ್ಲಿ ನೋಡಿದಂತಿದೆ.

ಮಸಿ ಒರೆಸುವ ಹೆಜ್ಜೆ ಮುಖ್ಯವಾಗುವುದು ಇಲ್ಲಿ. ಸಾಮಾನ್ಯವಾಗಿ ಪ್ಲೇಟಿನ ಮೇಲ್ಮೈಯನ್ನು ಮೊದಲು ಬಟ್ಟೆಯಿಂದ, ಕೊನೆಗೆ ಅಂಗೈಯಿಂದ ಒರೆಸಿ ಪೂರ್ತಿ ಶುಚಿ ಮಾಡುತ್ತಾರೆ. ಕೆರೆಯಲ್ಲಿ ಮಾತ್ರ ಮಸಿ, ದಡ ಖಾಲಿ. ವಿಸ್ಲರ್ ದಡದ ಮೇಲೂ ಮಸಿಯ ತೆಳು ಪೊರೆ ಬಿಟ್ಟ. ಇದಕ್ಕೆ ಪ್ಲೇಟ್ ಟೋನ್ ಅನ್ನುತ್ತಾರೆ. ‘ನಾಕ್ಟರ್ನ್’ ಎಂಬ ಎಚಿಂಗ್‌ನಲ್ಲಿ ಗೆರೆಗಳು ತೀರಾ ಕಡಿಮೆ. ದೂರದ ಕಟ್ಟಡ, ಹಡಗು, ನೀರಿನ ಮೇಲೆ ಒಂದಿಷ್ಟು ಗೀರು, ಅಷ್ಟೇ. ಕತ್ತಲೆ, ಮಂಜು, ಹೊಳೆಯುವ ನೀರು ಎಲ್ಲವೂ ಆ ಪೊರೆಯಿಂದ ಬಂದವು. ಪೊರೆಯನ್ನು ಪ್ರತಿ ಸಲ ಹೊಸದಾಗಿ ಒರೆಸಿಯೇ ಮಾಡಬೇಕು. ಅದಕ್ಕೇ ಒಂದೇ ಪ್ಲೇಟಿನ ಒಂದು ಅಚ್ಚಿನಲ್ಲಿ ಮುಸ್ಸಂಜೆ ಕಂಡರೆ ಇನ್ನೊಂದರಲ್ಲಿ ನಡುರಾತ್ರಿ ಕಾಣುತ್ತದೆ. ಇಂಥ ಕೆಲಸವನ್ನು ಬೇರೆಯವರ ಕೈಗೆ ಕೊಡುವುದು ಹೇಗೆ? ಆದ್ದರಿಂದ ಅಚ್ಚನ್ನೂ ಬಹುಮಟ್ಟಿಗೆ ತಾನೇ ತೆಗೆದ. ಹಳೇ ಡಚ್ ಕಾಗದ, ಜಪಾನಿನ ಕಾಗದ ಹುಡುಕಿ ತರುತ್ತಿದ್ದ.

ಥೇಮ್ಸ್‌ನಲ್ಲಿ ಗೆರೆ, ವೆನಿಸ್‌ನಲ್ಲಿ ಪೊರೆ. ಪರೀಕ್ಷೆಯಲ್ಲಿ ಎರಡು ಚಿತ್ರ ಕೊಟ್ಟು ಹೋಲಿಸಿ ಅಂದರೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ.

ಉಳಿದದ್ದು

ಮೊದಲ ವೆನಿಸ್ ಸೆಟ್ 1880ರಲ್ಲಿ ಬಂತು, ಎರಡನೆಯದು 1886ರಲ್ಲಿ. 1889ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆಗಳನ್ನು ಬರೆದ. ತಾಯಿಯ ಚಿತ್ರವನ್ನು 1891ರಲ್ಲಿ ಫ್ರಾನ್ಸ್ ಸರ್ಕಾರ ಕೊಂಡಿತು. ವಿಸ್ಲರ್ ತೀರಿಕೊಂಡದ್ದು 1903ರಲ್ಲಿ, ಲಂಡನ್ನಿನಲ್ಲಿ. ಒಟ್ಟು ಎಚಿಂಗ್‌ಗಳು 450ಕ್ಕೂ ಹೆಚ್ಚು.

ಅಚ್ಚು ನೋಡುವಾಗ ಕಾಗದದ ಅಂಚನ್ನೂ ನೋಡಿ. ವೆನಿಸ್ ನಂತರ ಅವನು ಸುತ್ತಲಿನ ಬಿಳಿ ಅಂಚನ್ನು ಕತ್ತರಿಸಿ, ಕೆಳಗೆ ಚಿಕ್ಕದೊಂದು ನಾಲಿಗೆಯಷ್ಟು ಕಾಗದ ಮಾತ್ರ ಬಿಡುತ್ತಿದ್ದ. ಅದರ ಮೇಲೆ ಪೆನ್ಸಿಲ್‌ನಲ್ಲಿ ಅವನ ಸಹಿಯಾದ ಚಿಟ್ಟೆ. ಪಕ್ಕದಲ್ಲಿ ‘ಇಂಪ್’ ಎಂದಿದ್ದರೆ ಅದು ಲ್ಯಾಟಿನ್ ಪದವೊಂದರ ಚಿಕ್ಕ ರೂಪ. ಅರ್ಥ: ಈ ಅಚ್ಚನ್ನು ತೆಗೆದವನೂ ನಾನೇ.