ಬಾನುಲಿಯ ಹಳೆಯ ದನಿಗಳು: ಉಳಿದದ್ದು ಯಾವುದು, ಉಳಿಯದ್ದು ಏಕೆ?

ರೇಡಿಯೊದ ಹಳೆಯ ಧ್ವನಿಮುದ್ರಣಗಳ ಮಾತು ಬಂದರೆ ಮೂರು ಬಗೆಯ ದೂರು ಕೇಳಿಬರುತ್ತದೆ. ಅಳಿಸಿಬಿಟ್ಟರು ಎನ್ನುವವರು ಕೆಲವರು, ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ ಎನ್ನುವವರು ಕೆಲವರು, ಬೂಷ್ಟು ಹಿಡಿದು ಹಾಳಾದವು ಎನ್ನುವವರು ಇನ್ನು ಕೆಲವರು. ಮೂರರಲ್ಲೂ ನಿಜವಿದೆ. ಆದರೆ ಒಂದೊಂದು ಕಾಲಕ್ಕೆ ಒಂದೊಂದು ನಿಜ.

1935ರ ಸೆಪ್ಟೆಂಬರ್ 10ರಂದು ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ 30 ವಾಟ್ ಪ್ರೇಷಕದಲ್ಲಿ (ಟ್ರಾನ್ಸ್‌ಮಿಟರ್) ಪ್ರಸಾರ ಶುರುಮಾಡಿದರು. ಮುಂದೆ ಸಂಸ್ಥಾನ ಅದನ್ನು ವಹಿಸಿಕೊಂಡಿತು, 1950ರಲ್ಲಿ ಅದು ಕೇಂದ್ರ ಸರ್ಕಾರದ ಆಕಾಶವಾಣಿ ಜಾಲಕ್ಕೆ ಸೇರಿತು. ಅದೇ ವರ್ಷ ಧಾರವಾಡ ನಿಲಯ, 1955ರಲ್ಲಿ ಬೆಂಗಳೂರು ನಿಲಯ ಬಂದವು. ಈ ಇಪ್ಪತ್ತು ವರ್ಷಗಳ ಪ್ರಸಾರ ಬಹುಪಾಲು ನೇರವಾದದ್ದು. ಕಲಾವಿದರು ಮೈಕಿನ ಮುಂದೆ ಹಾಡಿ ಎದ್ದು ಹೋದರೆ ಮುಗಿಯಿತು. ಆ ಕಾಲದ ದನಿ ಸಿಗುತ್ತಿಲ್ಲವೆಂದರೆ ಯಾರೋ ಕಳೆದರು ಎಂದಲ್ಲ, ಅದನ್ನು ಹಿಡಿದಿಟ್ಟಿರಲೇ ಇಲ್ಲ.

ನಿಜವಾದ ಗೋಜಲು ಶುರುವಾಗುವುದು ಟೇಪು ಬಂದ ಮೇಲೆ. ಕಾಲಂಗುಲ ಅಗಲದ ಟೇಪು ಹತ್ತೂವರೆ ಅಂಗುಲದ ಸ್ಪೂಲಿನಲ್ಲಿ ಸುಮಾರು 2,500 ಅಡಿ ಹಿಡಿಯುತ್ತದೆ. ಸೆಕೆಂಡಿಗೆ 15 ಅಂಗುಲ ವೇಗದಲ್ಲಿ ಅದು 33 ನಿಮಿಷಕ್ಕೆ ಮುಗಿಯುತ್ತದೆ, ಏಳೂವರೆ ಅಂಗುಲದಲ್ಲಿ ಅದರ ಎರಡರಷ್ಟು ಹೊತ್ತು ಬರುತ್ತದೆ. ಟೇಪು ದುಬಾರಿ, ಕಾರ್ಯಕ್ರಮ ದಿನಕ್ಕೆ ಹತ್ತಾರು ಗಂಟೆ. ಆದ್ದರಿಂದ ಪ್ರಸಾರವಾದ ಸುರುಳಿಯನ್ನು ಅಳಿಸಿ ಮತ್ತೆ ಬಳಕೆಗೆ ಬಿಡುವುದು ಜಗತ್ತಿನ ಬಹುತೇಕ ನಿಲಯಗಳ ಪದ್ಧತಿಯಾಗಿತ್ತು. ಕಾಪಿಡಬೇಕು ಎಂದು ಗುರುತು ಬಿದ್ದದ್ದಷ್ಟೇ ಉಳಿಯಿತು. ಗುರುತು ಬೀಳುತ್ತಿದ್ದದ್ದು ಹೆಸರಾದವರಿಗೆ: ಧಾರವಾಡ ನಿಲಯದಲ್ಲಿ ಸಲಹೆಗಾರರಾಗಿದ್ದ ಬೇಂದ್ರೆ, ಮಲ್ಲಿಕಾರ್ಜುನ ಮನಸೂರರಂಥವರಿಗೆ. ಬಿತ್ತನೆಯ ಬಗ್ಗೆ ರೈತರು ಕೇಳಿದ ಪ್ರಶ್ನೆಗೆ, ಕೇಳುಗರ ಪತ್ರಕ್ಕೆ ಕೊಟ್ಟ ಉತ್ತರಕ್ಕೆ, ಉದ್ಘೋಷಕರ ತಡವರಿಕೆಗೆ ಯಾರು ಗುರುತು ಹಾಕುತ್ತಾರೆ? ಇಂದು ಭಾಷೆಯ ಚರಿತ್ರೆ ಬರೆಯುವವರಿಗೆ ಬೇಕಾಗಿರುವುದು ಅದೇ.

ಉಳಿದದ್ದನ್ನು ಕೇಳುವಾಗಲೂ ಹಿನ್ನೆಲೆ ತಿಳಿದಿರಬೇಕು. 1940ರ ಮಾರ್ಚಿನಿಂದ 1971ರ ತನಕ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧವಿತ್ತು. ಆಮೇಲೂ ಸಡಿಲಿಸಿದ್ದು ಸ್ವಲ್ಪ ಸ್ವಲ್ಪವೇ. ಆ ಕಾಲದ ಹಿಂದೂಸ್ತಾನಿ ಗಾಯನದಲ್ಲಿ ಬರೀ ಸಾರಂಗಿ ಕೇಳಿಸಿದರೆ ಅದು ಗಾಯಕರ ಅಭಿರುಚಿಯೆಂದೇ ಬರೆದುಬಿಡುವ ವಿಮರ್ಶೆಗಳಿವೆ. ಅದು ಸುತ್ತೋಲೆಯ ಫಲವೂ ಆಗಿರಬಹುದು. ಹಾಗೆಯೇ 1960ರದ್ದು ಎಂದು ಬರೆದಿರುವ ಡಬ್ಬಿಯೊಳಗಿನ ಸುರುಳಿಯಲ್ಲಿ ಹಾರ್ಮೋನಿಯಂ ಸದ್ದು ಬಂದರೆ, ಒಂದೋ ತಾರೀಖು ತಪ್ಪು, ಇಲ್ಲವೇ ಅದು ಬಾನುಲಿಯ ಮುದ್ರಣವಲ್ಲ.

ಶ್ರುತಿಯ ವಿಷಯ ಇನ್ನೂ ಸೂಕ್ಷ್ಮ. ಟೇಪು ನೂರಕ್ಕೆ ಆರರಷ್ಟು ವೇಗವಾಗಿ ಓಡಿದರೆ ಗಾಯಕರ ಶ್ರುತಿ ಅರ್ಧ ಮನೆ (ಒಂದು ಸ್ವರಸ್ಥಾನ) ಏರುತ್ತದೆ, ದನಿಯೂ ಎಳೆಯದೆನಿಸುತ್ತದೆ. ಮುದ್ರಣದ ಅಡಿಯಲ್ಲಿರುವ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆ ನಮ್ಮ ವಿದ್ಯುತ್ತಿಗೆ ಗೊತ್ತುಮಾಡಿದ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಆಸುಪಾಸಿನಲ್ಲಿದೆಯೇ ಎಂದು ನೋಡುವುದು ಒಂದು ಉಪಾಯ. ನಮ್ಮ ವಿದ್ಯುತ್ ಜಾಲವೇ ಆಗಾಗ 50ಕ್ಕಿಂತ ಕೆಳಗಿಳಿಯುತ್ತಿತ್ತಾದ್ದರಿಂದ ಅದನ್ನೇ ನಂಬಿ ಕೂರುವಂತಿಲ್ಲ.

ಹಾಳಾಗುವುದರಲ್ಲೂ ಬಗೆಗಳಿವೆ. ಸ್ಪೂಲನ್ನು ಬೆಳಕಿಗೆ ಹಿಡಿದಾಗ ಸುರುಳಿಯ ಮೂಲಕ ಬೆಳಕು ತೂರಿ ಬಂದರೆ ಅದು ಅಸಿಟೇಟ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನ ಟೇಪು. ಕೆಟ್ಟಾಗ ವಿನೆಗರ್ ವಾಸನೆ ಬರುತ್ತದೆ, ಎಳೆದರೆ ಪಟ್ಟನೆ ತುಂಡಾಗುತ್ತದೆ. ತುಂಡಾದದ್ದನ್ನು ಅಂಟಿಸಬಹುದು. ಆಮೇಲೆ ಬಂದ ಪಾಲಿಯೆಸ್ಟರ್ ಟೇಪು ತುಂಡಾಗುವುದಿಲ್ಲ, ಹಿಗ್ಗುತ್ತದೆ. ಹಿಗ್ಗಿದ ಕಡೆಯ ಸದ್ದು ಹೋಯಿತೆಂದೇ ಲೆಕ್ಕ. 1970ರ ದಶಕದ ನಡುವಿನಿಂದ ಬಂದ ಕೆಲವು ಪಾಲಿಯೆಸ್ಟರ್ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಕುಡಿದು ಕರಗುತ್ತದೆ. ನುಡಿಸಿದರೆ ಕಿರುಗುಟ್ಟುತ್ತದೆ, ಟೇಪಿನ ಸದ್ದನ್ನು ಓದುವ ಹೆಡ್ಡಿನ ಮೇಲೆ ಕಂದು ಜಿಡ್ಡು ಮೆತ್ತುತ್ತದೆ. ಅಂಥದ್ದನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಂಟು ಗಂಟೆ ಇಟ್ಟು ಆರಿಸಿದರೆ ಕೆಲವು ವಾರ ನುಡಿಸುವಷ್ಟು ಗಟ್ಟಿಯಾಗುತ್ತದೆ. ಇದೇ ಮದ್ದನ್ನು ಅಸಿಟೇಟಿಗೆ ಮಾಡಿದರೆ ಸುರುಳಿ ಸೆಟೆದು ಕೆಲಸಕ್ಕೆ ಬಾರದಾಗುತ್ತದೆ. ವರ್ಷಗಟ್ಟಲೆ ಅಲುಗಿಸದೆ ಇಟ್ಟ ಟೇಪಿನಲ್ಲಿ ಪದರದಿಂದ ಪದರಕ್ಕೆ ಸದ್ದು ಅಚ್ಚಾಗಿ, ಹಾಡು ಶುರುವಾಗುವ ಮೊದಲೇ ಅದರ ನೆರಳು ಕೇಳಿಸುತ್ತದೆ. ನುಡಿಸುವ ಮುನ್ನ ಎರಡು ಮೂರು ಸಲ ಹಿಂದೆ ಮುಂದೆ ಸುತ್ತಿದರೆ ಅದು ಕೊಂಚ ತಗ್ಗುತ್ತದೆ.

2001ರ ಸುಮಾರಿಗೆ ಆಕಾಶವಾಣಿಯ ಸಂಗ್ರಹದ ಡಿಜಿಟಲೀಕರಣ ಶುರುವಾಯಿತು. ಸಂತೋಷದ ವಿಷಯವೇ. ಆದರೆ ಎಲ್ಲೇ ಆಗಲಿ, ಹೆಡ್ಡಿನ ಕೋನವನ್ನು ಪ್ರತಿ ಸುರುಳಿಗೂ ಹೊಂದಿಸದೆ ಸಾಲಾಗಿ ಓಡಿಸಿದ ಪ್ರತಿಗಳಲ್ಲಿ ಸ, ಶ ದನಿಗಳು ಮಂಕಾಗಿರುತ್ತವೆ, ಮತ್ತು ಅದನ್ನು ಕಂಪ್ಯೂಟರಿನಲ್ಲಿ ಆಮೇಲೆ ಸರಿಯಾಗಿ ತಿದ್ದಲಾಗದು. ಗೊರಗೊರ ಸದ್ದು ತೆಗೆಯುವ ಉತ್ಸಾಹದಲ್ಲಿ ತಂಬೂರಿಯನ್ನೂ ತೆಗೆದ ಪ್ರತಿಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. 96 ಕಿಲೋಹರ್ಟ್ಸ್, 24 ಬಿಟ್ಟಿನ (ಅಂದರೆ ಉತ್ತಮ ಗುಣಮಟ್ಟದ) ಏನೂ ತಿದ್ದದ ಒಂದು ಪ್ರತಿಗೆ, ಮೋನೊ (ಒಂದೇ ಧ್ವನಿಪಥ) ಆದರೆ, ಗಂಟೆಗೆ ಸುಮಾರು ಒಂದು ಜಿಬಿ ಜಾಗ ಸಾಕು. ಇವತ್ತಿನ ಬೆಲೆಯಲ್ಲಿ ಅದು ಉಳಿತಾಯ ಮಾಡುವ ಬಾಬತ್ತಲ್ಲ.

ಇನ್ನು ಬೀಗದ ಮಾತು. ಕಾನೂನಿನಲ್ಲಿ ಹಕ್ಕು ಒಂದಲ್ಲ. ಪ್ರಸಾರ ಮಾಡಿದವರದು 25 ವರ್ಷ, ಹಾಡಿದವರದು 50, ಧ್ವನಿಮುದ್ರಣದ್ದು ಪ್ರಕಟವಾದಂದಿನಿಂದ 60, ಬರೆದವರದು ಅವರು ತೀರಿಕೊಂಡ ಮೇಲೆ 60 ವರ್ಷ. 1965ರಲ್ಲಿ ಪ್ರಸಾರವಾದ ವಚನಗಾಯನ ಎಂದುಕೊಳ್ಳಿ: ವಚನ ಯಾರ ಸ್ವತ್ತೂ ಅಲ್ಲ, ಮುದ್ರಣದ ಹಕ್ಕು 2025ರ ಕೊನೆಯವರೆಗೆ. ಬೇಂದ್ರೆ 1960ರಲ್ಲಿ ಓದಿದ ಸ್ವಂತ ಕವಿತೆಯಾದರೆ ಮುದ್ರಣದ ಹಕ್ಕು 2020ಕ್ಕೇ ಮುಗಿದರೂ, ಅವರು 1981ರಲ್ಲಿ ತೀರಿಕೊಂಡದ್ದರಿಂದ ಕವಿತೆಯ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಇಷ್ಟನ್ನು ಯಾರು ಬೇಕಾದರೂ ಬೆರಳೆಣಿಸಿ ಹೇಳಬಹುದು, ಪ್ರಸಾರದ ತಾರೀಖು ಗೊತ್ತಿದ್ದರೆ. ಅದು ಇರುವುದು ಡಬ್ಬಿಯೊಳಗಿನ ಕ್ಯೂ ಶೀಟಿನಲ್ಲಿ, ಅಂದರೆ ಕಾರ್ಯಕ್ರಮದ ವಿವರ ಬರೆದ ಹಾಳೆಯಲ್ಲಿ. ಸುರುಳಿಯನ್ನು ಕಂಪ್ಯೂಟರಿಗೆ ಇಳಿಸುವಾಗ ಆ ಹಾಳೆಯ ಎರಡೂ ಮಗ್ಗುಲ ಚಿತ್ರ ತೆಗೆದು ಅದೇ ಕಡತದ ಜೊತೆ ಇಡಬೇಕು. ಡಬ್ಬಿಯ ಬೆನ್ನಿನ ಮೇಲೆ ಬರೆದಿರುವುದು ಎಷ್ಟೋ ಸಲ ಮರುಪ್ರತಿ ಮಾಡಿದ ದಿನ, ಮೊದಲ ಪ್ರಸಾರದ ದಿನವಲ್ಲ. ಅದನ್ನೇ ಹಿಡಿದು ಎಣಿಸಿದರೆ ಬಿಡುಗಡೆಯಾಗಬೇಕಾದ ದನಿ ಇನ್ನೂ ಹತ್ತಿಪ್ಪತ್ತು ವರ್ಷ ಒಳಗೇ ಉಳಿಯುತ್ತದೆ.