ನೋವು ಕಮ್ಮಿ ಆಯ್ತಾ ಅಂತ ಮತ್ತೆ ಬಂದು ಕೇಳುವವರು

ವಾಸಿಯಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಒಂದು ಹಾಸ್ಪಿಸ್ ಹೇಗಿದೆ ಅಂತ ತಿಳಿಯಬೇಕಾದರೆ ನಾನು ಮೊದಲು ಕೇಳುವುದು ಮಲಬದ್ಧತೆಯ ಬಗ್ಗೆ. ಕಟ್ಟಡ, ಕೋಣೆ, ಕಿಟಕಿಯಾಚೆಗಿನ ತೋಟ ಇವೆಲ್ಲ ಆಮೇಲೆ. ರೋಗಿಗೆ ಮಾರ್ಫಿನ್ ಎಂಬ ನೋವಿನ ಔಷಧ ಶುರು ಮಾಡಿದ ದಿನವೇ, ಅದೇ ಚೀಟಿಯಲ್ಲಿ, ಮಲ ಸಲೀಸಾಗಿ ಹೋಗುವ ಔಷಧವನ್ನೂ ಬರೆದರೇ? ಬರೆಯದಿದ್ದರೆ ಅದಕ್ಕೆ ಕಾರಣವನ್ನಾದರೂ ಬರೆದಿಟ್ಟಿದ್ದಾರೆಯೇ?

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಮಾರ್ಫಿನ್ ಕೆಲಸ ಮಾಡುವ ರೀತಿ ನೋಡಿದರೆ ಇದರ ತೂಕ ಗೊತ್ತಾಗುತ್ತದೆ. ಮೆದುಳು ಮತ್ತು ಬೆನ್ನುಹುರಿಯಲ್ಲಿ ಮಾರ್ಫಿನ್ ಅಂಟಿಕೊಳ್ಳುವ ಗ್ರಾಹಕಗಳು ಕರುಳಿನಲ್ಲೂ ಇವೆ. ಅಲ್ಲಿ ಅಂಟಿಕೊಂಡಾಗ ಕರುಳಿನ ಚಲನೆ ನಿಧಾನವಾಗುತ್ತದೆ, ನೀರೆಲ್ಲ ಹೀರಿಹೋಗಿ ಮಲ ಗಟ್ಟಿಯಾಗುತ್ತದೆ. ಮಾರ್ಫಿನ್ ತರುವ ಮಂಪರು, ವಾಕರಿಕೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಮ್ಮಿಯಾಗುತ್ತವೆ. ಮಲಬದ್ಧತೆ ಮಾತ್ರ ಹಾಗಲ್ಲ, ಮಾತ್ರೆ ಇರುವಷ್ಟು ದಿನ ಅದೂ ಇರುತ್ತದೆ. ಹೊಟ್ಟೆ ಉಬ್ಬರಿಸುತ್ತದೆ, ಊಟ ಸೇರುವುದಿಲ್ಲ, ವಾಂತಿ ಶುರುವಾಗುತ್ತದೆ. ಕೊನೆಗೆ ರೋಗಿ 'ಈ ಮಾತ್ರೆಯ ಸಹವಾಸವೇ ಬೇಡ' ಅಂತ ನೋವನ್ನೇ ನುಂಗಿಕೊಂಡು ಮಲಗುತ್ತಾರೆ. ಎರಡು ವಾರ ಆದ ಮೇಲೆ ಬರುವ ತೊಂದರೆಯನ್ನು ಮೊದಲ ದಿನವೇ ನೆನೆಸಿಕೊಂಡ ತಂಡ, ಉಳಿದದ್ದನ್ನೂ ನೆನೆಸಿಕೊಂಡಿರುತ್ತದೆ.

ಹಾಸ್ಪಿಸ್ ಅಂದರೆ, ಕಾಯಿಲೆ ವಾಸಿ ಮಾಡುವ ಚಿಕಿತ್ಸೆ ಇನ್ನು ಉಪಯೋಗಕ್ಕೆ ಬಾರದು ಅನ್ನುವ ಹಂತದಲ್ಲಿ, ಉಳಿದ ದಿನಗಳು ನೆಮ್ಮದಿಯಾಗಿ ಕಳೆಯುವಂತೆ ನೋಡಿಕೊಳ್ಳುವ ವ್ಯವಸ್ಥೆ. ಅದಕ್ಕೆ ಕಟ್ಟಡವೇ ಬೇಕು ಅಂತಿಲ್ಲ. ಮನೆಗೆ ಬಂದು ಹೋಗುವ ನರ್ಸ್, ಡಾಕ್ಟರ್, ಸಮಾಜ ಕಾರ್ಯಕರ್ತರ ತಂಡವೂ ಹಾಸ್ಪಿಸ್ಸೇ. ಇಂದಿನ ರೂಪದ ಹಾಸ್ಪಿಸ್ಸನ್ನು ಕಟ್ಟಿದವರು ಸಿಸಿಲಿ ಸಾಂಡರ್ಸ್. ಮೊದಲು ನರ್ಸ್ ಆಗಿ, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ಡಾಕ್ಟರ್ ಆಗಿ ಕೆಲಸ ಮಾಡಿದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ನೋವು ಬಂದು ರೋಗಿ ಕೂಗಿಕೊಂಡ ಮೇಲೆ ಔಷಧ ಕೊಡುವುದು ಆಗಿನ ರೂಢಿ. ನೋವು ಮರಳಿ ಬರುವ ಮುಂಚೆಯೇ, ಗಡಿಯಾರ ನೋಡಿಕೊಂಡು ಮುಂದಿನ ಡೋಸ್ ಕೊಡಬೇಕು ಅಂತ ಅವರು ಪಟ್ಟು ಹಿಡಿದರು. ಸಾಯುವವರ ನೋವಿನಲ್ಲಿ ಮೈ ನೋವಿನ ಜೊತೆ ಮನಸ್ಸಿನದು, ಸಂಸಾರದ ಚಿಂತೆ, ನಂಬಿಕೆಯ ತಳಮಳ ಎಲ್ಲ ಸೇರಿರುತ್ತದೆ ಎಂದೂ ತೋರಿಸಿಕೊಟ್ಟರು.

ಇಂಥ ಕೆಲಸವನ್ನು ಅಳೆಯುವುದು ಹೇಗೆ? ಬೇರೆ ಆಸ್ಪತ್ರೆಗಳಲ್ಲಿ ಎಷ್ಟು ಜನ ಬದುಕಿದರು ಅಂತ ಎಣಿಸಬಹುದು. ಇಲ್ಲಿ ಆ ಲೆಕ್ಕಕ್ಕೆ ಅರ್ಥವಿಲ್ಲ. (ಹಾಗಂತ ಒಳ್ಳೆಯ ಆರೈಕೆಯಿಂದ ಆಯಸ್ಸು ಕಮ್ಮಿಯಾಗುತ್ತದೆ ಅಂತ ಹೆದರಬೇಕಿಲ್ಲ. 2010ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರ ಮೇಲೆ ಅಧ್ಯಯನ ನಡೆಯಿತು. ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ಉಪಶಾಮಕ ಆರೈಕೆ (ನೋವು, ಸಂಕಟ ಕಮ್ಮಿ ಮಾಡುವ ಆರೈಕೆ) ಸಿಕ್ಕವರ ಮಧ್ಯಾಂಕ ಆಯಸ್ಸು, ಅಂದರೆ ಅರ್ಧದಷ್ಟು ಜನ ಬದುಕಿದ್ದ ಅವಧಿ, 11.6 ತಿಂಗಳು, ಬರೀ ಚಿಕಿತ್ಸೆ ಸಿಕ್ಕವರದು 8.9.) ಇನ್ನು, ಆರೈಕೆ ಹೇಗಿತ್ತು ಅಂತ ಹೇಳಬೇಕಾದ ಮುಖ್ಯ ಸಾಕ್ಷಿಯೇ ಕೊನೆಗೆ ಇರುವುದಿಲ್ಲ. ಕೊನೆಯ ದಿನಗಳಲ್ಲಿ ಹಲವು ರೋಗಿಗಳಿಗೆ ಮಾತೂ ಆಡಲಾಗುವುದಿಲ್ಲ.

ಆರೋಗ್ಯ ಸೇವೆಯ ಗುಣಮಟ್ಟ ಅಳೆಯುವವರಲ್ಲಿ ಹೆಚ್ಚಿನವರು ವೈದ್ಯ, ಸಂಶೋಧಕ ಅವೆಡಿಸ್ ಡೊನಬೀಡಿಯನ್ ಅವರ ದಾರಿ ಹಿಡಿಯುತ್ತಾರೆ. 1966ರಲ್ಲಿ ಅವರು ಹೇಳಿದ್ದು ಇಷ್ಟು: ಮೂರು ಕಡೆಯಿಂದ ನೋಡಿ. ಅವರ ಬಳಿ ಏನಿದೆ, ಅವರು ಏನು ಮಾಡುತ್ತಾರೆ, ಅದರಿಂದ ರೋಗಿಗೆ ಏನಾಯಿತು. ಮೊದಲನೆಯದನ್ನು ಎಣಿಸುವುದು ಸುಲಭ. ಎಷ್ಟು ನರ್ಸ್, ಎಷ್ಟು ಹಾಸಿಗೆ, ಮಾರ್ಫಿನ್ ಇಟ್ಟುಕೊಳ್ಳಲು ಪರವಾನಗಿ ಇದೆಯೇ. ಎರಡನೆಯದೂ ಕೇಸ್ ಶೀಟ್ ನೋಡಿದರೆ ಸಿಗುತ್ತದೆ. ತೊಡಕು ಶುರುವಾಗುವುದೇ ಇಲ್ಲಿ. ಅಮೆರಿಕದಲ್ಲಿ ಹಾಸ್ಪಿಸ್‌ಗಳು ಬಂದ ರೋಗಿಗೆ ನೋವಿದೆಯೇ ಅಂತ ಕೇಳಿದವೇ, ಏದುಸಿರಿನ ಬಗ್ಗೆ ಕೇಳಿದವೇ, ಮಾರ್ಫಿನ್ ಜೊತೆ ಮಲಬದ್ಧತೆಯ ಔಷಧ ಕೊಟ್ಟವೇ ಅಂತ ಸರ್ಕಾರ ಲೆಕ್ಕ ಕೇಳಿತು. ಸ್ವಲ್ಪ ಕಾಲದಲ್ಲೇ ಬಹುತೇಕ ಎಲ್ಲ ಕಡೆ ಅಂಕಗಳು ಮೇಲಕ್ಕೇರಿ ಕುಳಿತವು. ಅಂಕ ನೋಡಿ ಒಳ್ಳೆಯದು ಯಾವುದು, ಸಾಧಾರಣ ಯಾವುದು ಅಂತ ಬೇರ್ಪಡಿಸುವುದೇ ಕಷ್ಟವಾಯಿತು. ಹಾಗಾಗಿ ಚೀಟಿಯಲ್ಲಿ ಔಷಧದ ಹೆಸರು ಇದ್ದರೆ ಸಾಲದು. ಮೂರು ದಿನ ಬಿಟ್ಟು 'ಹೊಟ್ಟೆ ಕ್ಲಿಯರ್ ಆಯ್ತಾ?' ಅಂತ ಯಾರಾದರೂ ಕೇಳಿದರೇ ಅನ್ನುವುದನ್ನೂ ನೋಡಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಳತೆ ಇದೇ. ದೂರು ಕೇಳಿದ ಹೊತ್ತಿಗೂ ಉಪಶಮನ ಸಿಕ್ಕ ಹೊತ್ತಿಗೂ ನಡುವೆ ಎಷ್ಟು ಅಂತರ? ಔಷಧ ಕೊಟ್ಟವರು ಮತ್ತೆ ಬಂದು ಕೇಳಿದರೇ?

ನೋವಿಗೆ ರಕ್ತ ಪರೀಕ್ಷೆಯಿಲ್ಲ, ಸ್ಕ್ಯಾನ್ ಇಲ್ಲ. ಮಾತಾಡುವವರಾದರೆ 0ಯಿಂದ 10ರೊಳಗೆ ಎಷ್ಟು ನೋವು ಅಂತ ಕೇಳಿ ಬರೆದುಕೊಳ್ಳುತ್ತಾರೆ. ಮರೆವಿನ ಕಾಯಿಲೆ ಮುಂದುವರಿದು ಮಾತು ನಿಂತವರಿಗೆ ಬೇರೆ ಉಪಾಯವಿದೆ. ಪೈನ್‌ಆಡ್ ಎಂಬ ಅಳತೆಪಟ್ಟಿ 2003ರಲ್ಲಿ ಬಂತು. ಅದರಲ್ಲಿ ಐದು ವಿಷಯಗಳನ್ನು ಗಮನಿಸುತ್ತಾರೆ: ಉಸಿರಾಟ, ನರಳಾಟ, ಮುಖ, ಮೈಯ ಬಿಗಿ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರೆಯೇ ಅನ್ನುವುದು. ಒಂದೊಂದಕ್ಕೂ 0, 1 ಅಥವಾ 2. ಒಟ್ಟು 10.

ಇದನ್ನು ಚೆನ್ನಾಗಿ ಬಳಸುವ ಕಡೆ ನಡೆಯುವುದು ಹೀಗೆ. ಅಜ್ಜಿಯೊಬ್ಬರು ಮಗ್ಗುಲಾಗಿ ಮಲಗಿದ್ದಾರೆ. ನರ್ಸ್ ನೋಡುತ್ತಾರೆ, ಒಟ್ಟು 1. ನೋವಿಲ್ಲ ಅಂತ ಬರೆದು ಹೋಗಿಬಿಡಬಹುದು. ಅವರು ಹೋಗುವುದಿಲ್ಲ. ಮಗ್ಗುಲು ಬದಲಿಸುವಾಗ ಪಕ್ಕದಲ್ಲೇ ನಿಂತು ಮತ್ತೆ ನೋಡುತ್ತಾರೆ. ಹುಬ್ಬು ಗಂಟಿಕ್ಕಿದೆ, ಮುಷ್ಟಿ ಬಿಗಿದಿದೆ, ಉಸಿರು ಜೋರಾಗಿದೆ, ಕೈ ಹಿಡಿದರೂ ನರಳಾಟ ನಿಲ್ಲುತ್ತಿಲ್ಲ. ಈಗ 7. ಡಾಕ್ಟರಿಗೆ ಫೋನ್ ಹೋಗುತ್ತದೆ. ಮುಂದಿನ ಸಲ ಮಗ್ಗುಲು ಬದಲಿಸುವ ಅರ್ಧ ಗಂಟೆಗಿಂತ ಸ್ವಲ್ಪ ಮುಂಚೆಯೇ ಸಣ್ಣ ಡೋಸ್ ಕೊಡುತ್ತಾರೆ, ಬಾಯಿಂದ ಕೊಟ್ಟ ಮಾರ್ಫಿನ್ ಕೆಲಸ ಶುರು ಮಾಡಲು ಅಷ್ಟು ಹೊತ್ತು ಬೇಕು. ಆ ಸಲ ಅಳೆದರೆ 2. ಈ ಮೂರು ಅಂಕಿಗಳೂ ಹೊತ್ತಿನ ಸಮೇತ ಶೀಟಿನಲ್ಲಿ ಇರುತ್ತವೆ. ಮಲಗಿದ್ದಾಗಿನ 1 ಒಂದೇ ಇದ್ದಿದ್ದರೆ ಅಜ್ಜಿಗೆ ದಿನಕ್ಕೆ ಹಲವು ಸಲ ಆಗುತ್ತಿದ್ದ ನೋವು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ.

ಇಲ್ಲೇ ಅಂಕಿಗಳು ಮೋಸ ಮಾಡುವುದು. ಕೇಳದೇ ಇದ್ದ ಕಡೆ ನೋವಿನ ಲೆಕ್ಕ ಸೊನ್ನೆ ಅಂತ ಕಾಣುತ್ತದೆ. ಮತ್ತೆ ಮತ್ತೆ ಕೇಳುವ ಕಡೆ ಜಾಸ್ತಿ ನೋವು ದಾಖಲಾಗುತ್ತದೆ. ಬರೀ ಪಟ್ಟಿ ನೋಡಿದವರಿಗೆ ಸರಿಯಾಗಿ ಕೆಲಸ ಮಾಡುವ ತಂಡವೇ ಕೆಟ್ಟದಾಗಿ ಕಂಡೀತು. ಜೊತೆಗೆ, ಕಷ್ಟದ ರೋಗಿಗಳನ್ನು ಬೇಡ ಅನ್ನದೆ ಸೇರಿಸಿಕೊಳ್ಳುವ ಕಡೆ ನೋವೂ ಜಾಸ್ತಿ ಇರುತ್ತದೆ. ಹಾಸಿಗೆ ಹುಣ್ಣಿನದೂ ಇದೇ ಕಥೆ. ಕೊನೆಯ ದಿನಗಳಲ್ಲಿ ಚರ್ಮಕ್ಕೆ ರಕ್ತ ಹರಿಯುವುದೇ ಕಮ್ಮಿಯಾಗಿ, ಎಷ್ಟು ಎಚ್ಚರ ವಹಿಸಿದರೂ ಕೆಲವರಿಗೆ ಹುಣ್ಣಾಗುತ್ತದೆ. ಹುಣ್ಣಾಯಿತು ಅಂದ ಮಾತ್ರಕ್ಕೆ ತಂಡವನ್ನು ದೂರುವುದು ಸರಿಯಲ್ಲ. ಹುಣ್ಣಾಗುವ ಮುಂಚೆ ಏನು ಮಾಡಿದ್ದರು, ಕಂಡ ಮೇಲೆ ಏನು ಬದಲಿಸಿದರು ಅಂತ ಕೇಳುವುದು ಸರಿ.

ರೋಗಿಯನ್ನು ಕೇಳಲಾಗದಿದ್ದರೆ ಮನೆಯವರನ್ನು ಕೇಳೋಣ ಅನ್ನುವುದು ಮುಂದಿನ ದಾರಿ. 1995ರಲ್ಲಿ ಪ್ರಕಟವಾದ, ಅಮೆರಿಕದ ಐದು ಆಸ್ಪತ್ರೆಗಳ 9,105 ರೋಗಿಗಳ ದೊಡ್ಡ ಅಧ್ಯಯನ ಇದನ್ನೇ ಮಾಡಿತು. ಆಸ್ಪತ್ರೆಯಲ್ಲಿ ತೀರಿಕೊಂಡ, ಪ್ರಜ್ಞೆಯಿದ್ದ ರೋಗಿಗಳಲ್ಲಿ ಅರ್ಧದಷ್ಟು ಜನ ಕೊನೆಯ ದಿನಗಳ ಅರ್ಧ ಹೊತ್ತಾದರೂ ಗಣನೀಯ ನೋವಿನಲ್ಲಿದ್ದರು ಅಂತ ಮನೆಯವರು ಹೇಳಿದರು. ವೈದ್ಯಲೋಕಕ್ಕೆ ಅದು ದೊಡ್ಡ ಪೆಟ್ಟು. ಅಮೆರಿಕದ ಹಾಸ್ಪಿಸ್‌ಗಳಲ್ಲಿ 2015ರಿಂದ, ಸಾವಾಗಿ ಸುಮಾರು ಎರಡು ತಿಂಗಳಾದ ಮೇಲೆ ಮನೆಯವರಿಗೆ ಪ್ರಶ್ನೆಪತ್ರ ಕಳಿಸುವ ಪದ್ಧತಿ ದೇಶದಾದ್ಯಂತ ಜಾರಿಗೆ ಬಂತು. ಕರೆದಾಗ ಬಂದರೇ, ಹೇಳಿದ್ದನ್ನು ಕಿವಿಗೊಟ್ಟು ಕೇಳಿದರೇ, ಔಷಧ ಕೊಡುವುದನ್ನು ಕಲಿಸಿಕೊಟ್ಟರೇ, ಗೌರವದಿಂದ ನಡೆಸಿಕೊಂಡರೇ ಅಂತ ಅದರಲ್ಲಿ ಕೇಳುತ್ತಾರೆ.

ಮನೆಯವರ ಮಾತಿಗೆ ಬೆಲೆಯಿದೆ, ಆದರೆ ಎಲ್ಲ ವಿಷಯದಲ್ಲೂ ಒಂದೇ ಬೆಲೆಯಲ್ಲ. ಕಣ್ಣಿಗೆ ಕಾಣುವ ಸಂಗತಿಗಳಲ್ಲಿ, ಸೇವೆ ಹೇಗಿತ್ತು ಅನ್ನುವುದರಲ್ಲಿ ಅವರ ಉತ್ತರ ರೋಗಿಯ ಉತ್ತರಕ್ಕೆ ಹತ್ತಿರ ಇರುತ್ತದೆ. ಒಳಗಿನ ನೋವು, ಆತಂಕ, ಖಿನ್ನತೆಯ ವಿಷಯದಲ್ಲಿ ಅಷ್ಟು ಹತ್ತಿರ ಇರುವುದಿಲ್ಲ. ಅಲ್ಲದೆ, ಆ ಹೊತ್ತಿನಲ್ಲಿ ಕೈ ಹಿಡಿದವರ ಬಗ್ಗೆ ಕೆಟ್ಟದ್ದು ಬರೆಯಲು ಯಾರಿಗೆ ಮನಸ್ಸು ಬರುತ್ತದೆ, ಅಲ್ವಾ? ಆದ್ದರಿಂದ 'ಒಟ್ಟಾರೆ ಹೇಗಿತ್ತು?' ಅನ್ನುವ ಪ್ರಶ್ನೆಗಿಂತ 'ರಾತ್ರಿ ಫೋನ್ ಮಾಡಿದಾಗ ಎಷ್ಟು ಹೊತ್ತಿಗೆ ಬಂದರು?' ಅನ್ನುವ ಪ್ರಶ್ನೆಗೆ ಸಿಗುವ ಉತ್ತರವನ್ನು ನಾನು ಜಾಸ್ತಿ ನಂಬುತ್ತೇನೆ.

ರಾತ್ರಿ ಮತ್ತು ರಜಾ ದಿನ ಹಾಸ್ಪಿಸ್‌ನ ನಿಜವಾದ ಪರೀಕ್ಷೆ. 2014ರಲ್ಲಿ ಅಮೆರಿಕದಲ್ಲಿ ಹಾಸ್ಪಿಸ್ ಆರೈಕೆಯಲ್ಲಿದ್ದು ತೀರಿಕೊಂಡ 6 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಸಂಶೋಧಕರು ತೆಗೆದು ನೋಡಿದರು. ಶೇ. 12ರಷ್ಟು ಜನರ ಬಳಿಗೆ ಕೊನೆಯ ಎರಡು ದಿನಗಳಲ್ಲಿ ನರ್ಸ್ ಆಗಲಿ, ಡಾಕ್ಟರ್ ಆಗಲಿ, ಸಮಾಜ ಕಾರ್ಯಕರ್ತರಾಗಲಿ ಯಾರೂ ಬಂದೇ ಇರಲಿಲ್ಲ. ಭಾನುವಾರ ತೀರಿಕೊಂಡವರಲ್ಲಿ ಈ ಪ್ರಮಾಣ ಇನ್ನೂ ಜಾಸ್ತಿ. ಸಾವಿಗೆ ಭಾನುವಾರ ಯಾವುದು, ಸೋಮವಾರ ಯಾವುದು? ಇದನ್ನು ಓದಿದಾಗ ಹೊಟ್ಟೆ ಉರಿಯುತ್ತದೆ. ಈಗ ಅಲ್ಲಿ, ಕೊನೆಯ ಮೂರು ದಿನಗಳಲ್ಲಿ ಕನಿಷ್ಠ ಎರಡು ದಿನವಾದರೂ ನರ್ಸ್ ಅಥವಾ ಸಮಾಜ ಕಾರ್ಯಕರ್ತರು ಖುದ್ದಾಗಿ ಬಂದರೇ ಅಂತ ಎಣಿಸಿ ಪ್ರಕಟಿಸುತ್ತಾರೆ. ನನಗೆ ಇಷ್ಟವಾದ ಅಳತೆ ಇದು. ಇದಕ್ಕೆ ಯಾರ ಅಭಿಪ್ರಾಯವೂ ಬೇಕಿಲ್ಲ. ಬಂದರೋ ಇಲ್ಲವೋ, ಅಷ್ಟೇ.

ಯಾಕೆ ಬರುವುದಿಲ್ಲ ಅನ್ನುವುದಕ್ಕೆ ದುಡ್ಡಿನ ಲೆಕ್ಕವೂ ಒಂದು ಕಾರಣ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್, ಹಾಸ್ಪಿಸ್‌ಗೆ ದಿನಕ್ಕಿಷ್ಟು ಅಂತ ಕೊಡುತ್ತದೆ. ಆವತ್ತು ನರ್ಸ್ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಕೆಲಸ ಜಾಸ್ತಿ ಇರುವುದು ಸೇರಿದ ಮೊದಲ ದಿನಗಳಲ್ಲಿ ಮತ್ತು ಕೊನೆಯ ದಿನಗಳಲ್ಲಿ. ನಡುವಿನ ದಿನಗಳು ಉದ್ದವಾದಷ್ಟೂ ಸಂಸ್ಥೆಗೆ ಲಾಭ. ಹಾಗಾಗಿ ನಿಧಾನವಾಗಿ ಸಾಗುವ ಕಾಯಿಲೆಯವರನ್ನು ಬೇಗ ಸೇರಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಇದನ್ನು ತಿದ್ದಲು 2016ರಿಂದ ಮೊದಲ 60 ದಿನಗಳಿಗೆ ಜಾಸ್ತಿ, ಆಮೇಲೆ ಕಮ್ಮಿ ದರ ಮಾಡಿದರು. ಕೊನೆಯ 7 ದಿನಗಳಲ್ಲಿ ನರ್ಸ್ ಮತ್ತು ಸಮಾಜ ಕಾರ್ಯಕರ್ತರ ಭೇಟಿಗೆ ಬೇರೆಯಾಗಿ ಹಣ ಕೊಡತೊಡಗಿದರು. ದುಡ್ಡು ಎಲ್ಲಿಂದ, ಯಾವ ಲೆಕ್ಕದಲ್ಲಿ ಬರುತ್ತದೆ ಅಂತ ಯಾವ ದೇಶದಲ್ಲಾದರೂ ಕೇಳಬೇಕಾದ ಪ್ರಶ್ನೆ. ದಾನದಿಂದ ನಡೆಯುವ ಕಡೆಯೂ ಕೇಳಬೇಕು. ಜೀವಂತವಾಗಿ ಬಿಡುಗಡೆಯಾದವರು ಎಷ್ಟು ಅನ್ನುವುದೂ ಇದೇ ದಾರಿಯಲ್ಲಿ ಬರುತ್ತದೆ. ಕೆಲವರು ಸುಧಾರಿಸಿ ಹೊರಬರುತ್ತಾರೆ, ಅದು ಸಂತೋಷ. ಆದರೆ ಖರ್ಚಿನ ಚಿಕಿತ್ಸೆ ಬೇಕಾದ ಹೊತ್ತಿಗೆ ಸರಿಯಾಗಿ ಹಲವರನ್ನು ಹೊರಗೆ ಕಳಿಸುತ್ತಿದ್ದರೆ ಅದನ್ನು ಸುಮ್ನೆ ಬಿಡಬಾರದು.

ಮನೆಯಲ್ಲೇ ಆರೈಕೆ ನಡೆಯುವಾಗ ಇನ್ನೊಂದು ವಿಷಯ ಮುಖ್ಯ. ದಿನದ ಬಹುಪಾಲು ನೋಡಿಕೊಳ್ಳುವವರು ಮನೆಯವರೇ. ಅವರಿಗೆ ಮುಂಚಿತವಾಗಿ ಏನು ಹೇಳಿಕೊಟ್ಟಿದ್ದಾರೆ? ಕೊನೆಯ ಗಂಟೆಗಳಲ್ಲಿ ಗಂಟಲಲ್ಲಿ ಗೊರಗೊರ ಸದ್ದು ಬರಬಹುದು. ನುಂಗಲಾಗದೆ ನಿಂತ ಜೊಲ್ಲು, ಕಫದ ಸದ್ದು ಅದು. ಆ ಹೊತ್ತಿಗೆ ರೋಗಿಗೆ ಸಾಮಾನ್ಯವಾಗಿ ಪ್ರಜ್ಞೆ ಇರುವುದಿಲ್ಲ, ಅದರಿಂದ ಸಂಕಟವಾಗುವ ಸಂಭವ ಕಮ್ಮಿ. ಪಕ್ಕದಲ್ಲಿ ಕೂತವರಿಗೆ ಮಾತ್ರ ಜೀವ ಹಿಂಡುತ್ತದೆ. ಉಸಿರು ಜೋರಾಗಿ, ಸಣ್ಣದಾಗಿ, ಕೆಲವು ಕ್ಷಣ ನಿಂತು ಮತ್ತೆ ಶುರುವಾಗಬಹುದು. ಕೈಕಾಲು ತಣ್ಣಗಾಗಬಹುದು. ಇದನ್ನೆಲ್ಲ ಮೊದಲೇ ತಿಳಿಸಿ, ಮಗ್ಗುಲಾಗಿ ಮಲಗಿಸುವುದನ್ನು ತೋರಿಸಿ, ಬೇಕಾಗುವ ಔಷಧವನ್ನು ಮನೆಯಲ್ಲೇ ಇಟ್ಟು ಹೋದವರ ರೋಗಿ ತನ್ನ ಹಾಸಿಗೆಯಲ್ಲೇ ಉಳಿಯುತ್ತಾರೆ. ಯಾರೂ ಹೇಳದಿದ್ದರೆ ಮನೆಯವರು ಗಾಬರಿಯಿಂದ ಆಂಬುಲೆನ್ಸ್ ಕರೆಯುತ್ತಾರೆ. ಮನೆಯಲ್ಲೇ ಇರಬೇಕು ಅಂತ ಕೇಳಿಕೊಂಡವರು ತುರ್ತು ವಾರ್ಡಿನ ಟ್ರಾಲಿಯ ಮೇಲೆ ಪ್ರಾಣ ಬಿಡುತ್ತಾರೆ.

ಹಾಸ್ಪಿಸ್ ಹುಡುಕುವ ಹೊತ್ತಿಗೆ ಹತ್ತಾರು ಕಡೆ ಹೋಗಿ ನೋಡುವಷ್ಟು ಸಮಯ ಯಾರಿಗೂ ಇರುವುದಿಲ್ಲ. ಫೋನಿನಲ್ಲೇ ಕೆಲವು ಮಾತು ಕೇಳಿ. ರಾತ್ರಿ ಫೋನ್ ಎತ್ತುವವರು ಯಾರು, ರೋಗಿಯ ಕೇಸ್ ಶೀಟ್ ಅವರ ಎದುರಿಗೆ ಇರುತ್ತದೆಯೇ? ಕಳೆದ ಭಾನುವಾರ ಎಷ್ಟು ನರ್ಸ್ ಡ್ಯೂಟಿಯಲ್ಲಿದ್ದರು? ಮನೆಯಲ್ಲಿ ನೋವು ಹತೋಟಿಗೆ ಬಾರದಿದ್ದರೆ ಸೇರಿಸಲು ಹಾಸಿಗೆ ಎಲ್ಲಿದೆ? ನೋಡಿಕೊಳ್ಳುವವರಿಗೇ ಸುಸ್ತಾದರೆ ನಾಲ್ಕು ದಿನ ರೋಗಿಯನ್ನು ಇಟ್ಟುಕೊಳ್ಳುತ್ತಾರಾ? ಸಾವಾದ ಮೇಲೆ ಮನೆಯವರ ಕಡೆ ತಿರುಗಿ ನೋಡುತ್ತಾರಾ? 'ನಾವು 24 ಗಂಟೆಯೂ ಇರುತ್ತೇವೆ' ಅನ್ನುವ ಉತ್ತರಕ್ಕೆ ತೃಪ್ತರಾಗಬೇಡಿ. ಮೊನ್ನೆ ರಾತ್ರಿ ಕರೆ ಬಂದಾಗ ಏನು ಮಾಡಿದಿರಿ ಅಂತ ಕೇಳಿ. ನಿಜವಾಗಿ ಕೆಲಸ ಮಾಡುವವರಿಗೆ ಹೇಳಲು ತಕ್ಷಣ ಏನಾದರೂ ಇರುತ್ತದೆ.

ಸೇರಿದ ಮೇಲೂ ಪರೀಕ್ಷೆ ಮುಗಿಯುವುದಿಲ್ಲ. ಒಂದು ಪುಸ್ತಕ ಇಟ್ಟುಕೊಳ್ಳಿ. ನೋವು ಅಂದದ್ದು ಎಷ್ಟು ಹೊತ್ತಿಗೆ, ಫೋನ್ ಮಾಡಿದ್ದು ಎಷ್ಟಕ್ಕೆ, ಔಷಧ ಕೊಟ್ಟದ್ದು ಯಾವಾಗ, ಕಮ್ಮಿಯಾಗಿದ್ದು ಯಾವಾಗ, ಕೊನೆಯ ಸಲ ಹೊಟ್ಟೆ ಕ್ಲಿಯರ್ ಆಗಿದ್ದು ಯಾವತ್ತು, ಇಷ್ಟು ಬರೆದಿಟ್ಟರೆ ಸಾಕು. ಒಳ್ಳೆಯ ನರ್ಸ್ ಬಂದ ಕೂಡಲೇ ಆ ಪುಸ್ತಕ ಕೇಳುತ್ತಾರೆ, ನೋಡಿ ಡೋಸ್ ಬದಲಿಸಲು ಡಾಕ್ಟರಿಗೆ ಹೇಳುತ್ತಾರೆ. ಒಂದು ವಾರವಾದರೂ ಯಾರೂ ಅದರ ಕಡೆ ನೋಡದಿದ್ದರೆ, ಅದನ್ನು ಹಿಡಿದುಕೊಂಡು ಅಲ್ಲಿನ ಮುಖ್ಯಸ್ಥರ ಜೊತೆ ಕೂತು ಮಾತಾಡಿ. ಅದಕ್ಕೂ ಬಗ್ಗದಿದ್ದರೆ ಬೇರೆ ಹಾಸ್ಪಿಸ್‌ಗೆ ಬದಲಾಯಿಸಿಕೊಳ್ಳಿ. ಕಾಯಿಲೆಯವರನ್ನು ಈ ಹಂತದಲ್ಲಿ ಹೇಗೆ ಬದಲಾಯಿಸುವುದು ಅಂತ ಹಿಂಜರಿಯುವವರೇ ಜಾಸ್ತಿ. ಮನೆಯಲ್ಲೇ ಆರೈಕೆ ಪಡೆಯುತ್ತಿದ್ದರೆ ರೋಗಿಯನ್ನು ಎಲ್ಲಿಗೂ ಸಾಗಿಸಬೇಕಿಲ್ಲ, ಬಂದು ಹೋಗುವ ತಂಡ ಮಾತ್ರ ಬದಲಾಗುತ್ತದೆ. ಹಳೆಯ ಕೇಸ್ ಶೀಟಿನ ಪ್ರತಿ ಮತ್ತು ಈಗಿನ ಡೋಸ್‌ಗಳ ಪಟ್ಟಿ ಹೊಸಬರ ಕೈಗೆ ಮೊದಲ ದಿನವೇ ಸೇರಬೇಕು. ಮುಂದಿನ ಡೋಸ್ ತಪ್ಪದಂತೆ ಔಷಧ ಮನೆಯಲ್ಲಿ ಇದೆಯೇ ಅಂತ ಬದಲಾಯಿಸುವ ಮುಂಚೆ ನೋಡಿಕೊಳ್ಳಿ.