ಕೋಜಿ ಮಿಸ್ಟರಿ: ಇಸವಿ ತಪ್ಪಿದರೆ ಆಸ್ತಿಯೂ ಕೈತಪ್ಪುತ್ತದೆ

'ಕೋಜಿ' ಎಂದರೆ ಬೆಚ್ಚಗೆ, ಹಾಯಾಗಿ ಇರುವುದು. ಚಹಾ ಆರದಿರಲೆಂದು ಪಾತ್ರೆಗೆ ತೊಡಿಸುವ ಬಟ್ಟೆಯ ಗವಸಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು. ಕೊಲೆಯ ಕಥೆಗೆ ಈ ಹೆಸರು ಅಂಟಿಕೊಂಡದ್ದು ಅದನ್ನು ಹೇಳುವ ಬಗೆಯಿಂದ. ಕೊಲೆ ಆಗುತ್ತದೆ, ಆದರೆ ಓದುಗರ ಕಣ್ಣೆದುರಿಗಲ್ಲ. ರಕ್ತಪಾತವೂ ಶೃಂಗಾರವೂ ಮರೆಯಲ್ಲೇ ಉಳಿಯುತ್ತವೆ. ಊರು ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು, ಅನುಮಾನ ಬರುವಂಥವರು ಐದಾರು ಮಂದಿ. ಪತ್ತೆ ಮಾಡುವುದು ಪೊಲೀಸರಲ್ಲ, ಅವರಿಗಿಂತ ಹೆಚ್ಚು ಕಿವಿಗೊಟ್ಟು ಕೇಳುವ ಒಬ್ಬ ಸಾಮಾನ್ಯ ವ್ಯಕ್ತಿ, ಬಹಳ ಸಲ ಹೆಂಗಸು. ಸುಳಿವುಗಳನ್ನು ಓದುಗರಿಂದ ಬಚ್ಚಿಡುವಂತಿಲ್ಲ. 1929ರಲ್ಲಿ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಬರೆದ ಹತ್ತು ಕಟ್ಟಳೆಗಳಲ್ಲಿ ಇದೂ ಒಂದು, ಕೋಜಿ ಇಂದಿಗೂ ಅದನ್ನು ಪಾಲಿಸುತ್ತದೆ.

ಇದಕ್ಕೆ 'ಹಿಸ್ಟಾರಿಕಲ್' (ಐತಿಹಾಸಿಕ) ಸೇರಿದಾಗ ಉಡುಪು, ಕುದುರೆಗಾಡಿಗಳ ಜತೆಗೆ ಆ ಕಾಲದ ಕಾನೂನೂ ಕಥೆಯೊಳಗೆ ಬರುತ್ತದೆ. ಈ ಪ್ರಕಾರದ ಮೆಚ್ಚಿನ ಎಳೆಯೊಂದಿದೆ: ಕೈಯಲ್ಲಿ ಕಾಸಿಲ್ಲದ, ಎದೆಗಾರಿಕೆಯ ಹೆಣ್ಣೊಬ್ಬಳಿಗೆ ಲಂಡನ್ನಿನ ಸಾಲಿಸಿಟರ್ (ವಕೀಲ) ಒಬ್ಬನಿಂದ ಕಾಗದ ಬರುತ್ತದೆ, ಕಂಡರಿಯದ ಬಂಧುವಿನ ಆಸ್ತಿ ಅವಳ ಪಾಲಾಗಿರುತ್ತದೆ. ಈ ಎಳೆ ಗಟ್ಟಿಯೋ ಟೊಳ್ಳೋ ಎಂಬುದನ್ನು ತೀರ್ಮಾನಿಸುವುದು ಕಥೆ ನಡೆಯುವ ಇಸವಿ.

ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಗಂಡನಿಂದ ಬೇರೆಯಾದ ಅಸ್ತಿತ್ವವಿರಲಿಲ್ಲ. ಹಣ, ಒಡವೆ, ಷೇರು ಎಲ್ಲ ಗಂಡನ ಸ್ವತ್ತು. ಭೂಮಿಯನ್ನು ಅವಳ ಒಪ್ಪಿಗೆಯಿಲ್ಲದೆ ಅವನು ಮಾರುವಂತಿರಲಿಲ್ಲ, ಆದರೆ ಅದರ ಗೇಣಿ ಅವನ ಕೈಗೆ. ಉಳ್ಳವರ ಮನೆಗಳಲ್ಲಿ ಮಗಳ ಹಣವನ್ನು ಟ್ರಸ್ಟಿನಲ್ಲಿಟ್ಟು, ಅಂದರೆ ಅವಳ ಪರವಾಗಿ ನೋಡಿಕೊಳ್ಳುವವರ ಹೆಸರಿಗೆ ಬರೆದು, ಇದರಿಂದ ತಪ್ಪಿಸಿಕೊಳ್ಳುತ್ತಿದ್ದರು. 1870ರ ಕಾಯಿದೆ ಸ್ವಲ್ಪ ಬಾಗಿಲು ತೆರೆಯಿತು. ಅದು ಬಂದ ಮೇಲೆ ಮದುವೆಯಾದವಳ ದುಡಿಮೆಯ ಹಣ ಅವಳದೇ. ಉಯಿಲು ಬರೆಯದೆ ಸತ್ತ ಬಂಧುವಿನಿಂದ ಬಂದ ಚರಾಸ್ತಿಯೂ ಅವಳದೇ. ಉಯಿಲಿನ ಮೂಲಕ ಬಂದ ಹಣಕ್ಕೆ ಮಾತ್ರ 200 ಪೌಂಡಿನ ಮಿತಿ. 1872ರಲ್ಲಿ ಮದುವೆಯಾದ ನಾಯಕಿಗೆ 1875ರಲ್ಲಿ ಸೋದರತ್ತೆ 5,000 ಪೌಂಡ್ ಬರೆದಿಟ್ಟರೆ, ಟ್ರಸ್ಟ್ ಮಾಡಿರದಿದ್ದಲ್ಲಿ, ಅದು ಗಂಡನ ಜೇಬಿಗೆ. 1882ರಲ್ಲಿ ಬಂದ ಹೊಸ ಕಾಯಿದೆ 1883ರ ಜನವರಿ 1ರಿಂದ ಜಾರಿಯಾಯಿತು. ಅಂದಿನಿಂದಾಚೆಗೆ ಬಂದ ಆಸ್ತಿ, ಮದುವೆ ಎಂದೇ ಆಗಿರಲಿ, ಅವಳ ಸ್ವಂತದ್ದು. ಅವಿವಾಹಿತೆಗೂ ವಿಧವೆಗೂ ಈ ತೊಡಕು ಮೊದಲಿನಿಂದಲೂ ಇರಲಿಲ್ಲ. ಈ ಕಥೆಗಳ ನಾಯಕಿ ಅಷ್ಟೊಂದು ಸಲ ವಿಧವೆಯಾಗಿರುವುದು ಇದಕ್ಕೇ: ಹಣ ಅವಳ ಹೆಸರಿನಲ್ಲಿ, ಊರೂರು ಸುತ್ತಲು ಯಾರ ಅಪ್ಪಣೆಯೂ ಬೇಡ. (ಸ್ಕಾಟ್ಲೆಂಡಿನ ಕಾನೂನೇ ಬೇರೆ. ಎಡಿನ್‌ಬರೋದಲ್ಲಿ ಕಥೆ ನಡೆಸಿ ಇಂಗ್ಲಿಷ್ ಕಾಯಿದೆ ಹಚ್ಚುವುದು ದೊಡ್ಡ ತಪ್ಪು.)

ಇನ್ನು ಉಯಿಲು. ನಿಜವಾದ ಒಗಟು ಹುಟ್ಟುವುದು ಇಲ್ಲಿ. 1837ರ ಕಾಯಿದೆಯ ಪ್ರಕಾರ ಅದು ಬರಹದಲ್ಲಿರಬೇಕು, ಕೊನೆಯಲ್ಲಿ ಸಹಿ ಇರಬೇಕು, ಸಹಿಯಾಗುವಾಗ ಇಬ್ಬರು ಸಾಕ್ಷಿಗಳು ಒಟ್ಟಿಗೇ ಎದುರಿಗಿರಬೇಕು. ಅಡುಗೆಯವಳು ಬೆಳಿಗ್ಗೆ, ತೋಟದವನು ಸಂಜೆ ಸಹಿ ಹಾಕಿದ್ದರೆ ಉಯಿಲು ಬಿದ್ದುಹೋಯಿತು. ಸಾಕ್ಷಿಗೋ ಅವರ ಗಂಡ ಅಥವಾ ಹೆಂಡತಿಗೋ ಏನಾದರೂ ಬರೆದಿಟ್ಟಿದ್ದರೆ ಆ ಕೊಡುಗೆ ಮಾತ್ರ ರದ್ದು, ಉಳಿದದ್ದು ಊರ್ಜಿತ. ಬರೆದವರು ಆಮೇಲೆ ಮದುವೆಯಾದರೆ ಇಡೀ ಉಯಿಲೇ ರದ್ದು. ಮುದುಕರ ಗುಟ್ಟಿನ ಮದುವೆ ಈ ಕಥೆಗಳಲ್ಲಿ ಅಷ್ಟು ತೂಕದ ಸುಳಿವಾಗುವುದು ಅದರಿಂದ.

ಹೊಸಬರು ಹೆಚ್ಚಾಗಿ ಎಡವುವುದು ಉಯಿಲು ಸುಡುವ ದೃಶ್ಯದಲ್ಲಿ. ಖಳ ಅದನ್ನು ಒಲೆಗೆ ಹಾಕಿದ, ಆಸ್ತಿ ಹೋಯಿತು ಎಂದು ಬರೆಯುತ್ತಾರೆ. ಹಾಗಾಗದು. ಬರೆದವರೇ ರದ್ದು ಮಾಡುವ ಮನಸ್ಸಿನಿಂದ ಸುಡಬೇಕು, ಇಲ್ಲವೇ ಅವರ ಎದುರಿಗೆ, ಅವರ ಮಾತಿನಂತೆ ಬೇರೆಯವರು ಸುಡಬೇಕು. ಕದ್ದು ಸುಟ್ಟರೆ ಕಾಗದ ಹೋಗುತ್ತದೆ, ಉಯಿಲು ಉಳಿಯುತ್ತದೆ. ಅದರಲ್ಲಿ ಏನಿತ್ತೆಂದು ಸಾಬೀತು ಮಾಡಿದರೆ ಸಾಕು. ಇದಕ್ಕೆ ಯಾವ ಕಾದಂಬರಿಗೂ ಕಡಿಮೆಯಿಲ್ಲದ ನಿಜ ಪ್ರಕರಣವಿದೆ. ಲಾರ್ಡ್ ಚಾನ್ಸಲರ್ (ಆಗ ಇಂಗ್ಲೆಂಡಿನ ನ್ಯಾಯಾಂಗದ ಅತ್ಯುನ್ನತ ಹುದ್ದೆ) ಆಗಿದ್ದ, ಆಸ್ತಿ ಕಾನೂನಿನ ಮಹಾ ಪಂಡಿತ ಲಾರ್ಡ್ ಸೇಂಟ್ ಲೆನರ್ಡ್ಸ್ 1875ರಲ್ಲಿ ತೀರಿಕೊಂಡರು. ಪೆಟ್ಟಿಗೆ ತೆರೆದರೆ ಉಯಿಲಿಗೆ ಆಮೇಲೆ ಸೇರಿಸಿದ ಎಂಟು ಅನುಬಂಧಗಳಿದ್ದವು, ಉಯಿಲೇ ಇರಲಿಲ್ಲ. ತಂದೆಯ ಬಳಿ ಕೂತು ಅದನ್ನು ಮತ್ತೆ ಮತ್ತೆ ಓದಿದ್ದ ಮಗಳು ಶಾರ್ಲೆಟ್ ಸಗ್ಡೆನ್ ಅದರಲ್ಲಿದ್ದುದನ್ನು ನೆನಪಿನಿಂದಲೇ ಬರೆದುಕೊಟ್ಟರು. ಮೇಲ್ಮನವಿ ನ್ಯಾಯಾಲಯ 1876ರಲ್ಲಿ ಅದನ್ನು ಎತ್ತಿಹಿಡಿಯಿತು. ಒಬ್ಬ ಹೆಣ್ಣಿನ ನೆನಪನ್ನು ಕೋರ್ಟು ಕಾಗದದ ಸ್ಥಾನದಲ್ಲಿಟ್ಟಿತು!

ಉಯಿಲು ಸಿಕ್ಕ ಮರುದಿನವೇ ನಾಯಕಿ ಬಂಗಲೆಗೆ ಹೋಗಿ ಹಣ ಎಣಿಸಿದರೆ ಓದುಗರು ನಂಬಲಾರರು. ಮೊದಲು ಪ್ರೊಬೇಟ್ ಆಗಬೇಕು, ಅಂದರೆ ಉಯಿಲು ಸರಿಯೆಂದು ಕೋರ್ಟು ಒಪ್ಪಬೇಕು. ಉಯಿಲನ್ನು ಜಾರಿ ಮಾಡಲು ಅದರಲ್ಲೇ ಹೆಸರಿಸಿದ ಎಕ್ಸಿಕ್ಯೂಟರ್ ಸಾಲಗಳನ್ನೆಲ್ಲ ತೀರಿಸಬೇಕು. ಸಾವಿನಿಂದ ಒಂದು ವರ್ಷ ಆಗುವವರೆಗೆ ಹಣ ಹಂಚಿಕೊಡಿ ಎಂದು ಅವನನ್ನು ಒತ್ತಾಯಿಸುವಂತಿಲ್ಲ. ವಿಕ್ಟೋರಿಯಾ ಕಾಲದಲ್ಲಿ ರಕ್ತಸಂಬಂಧವಿಲ್ಲದವರಿಗೆ ಬಂದ ಕೊಡುಗೆಯಲ್ಲಿ ನೂರಕ್ಕೆ 10ರಷ್ಟು ಸರ್ಕಾರದ ತೆರಿಗೆ. ಪತ್ತೆ ಮಾಡುವವರಿಗೆ ಈ ಒಂದು ವರ್ಷ ವರವೇ ಸರಿ, ಏಕೆಂದರೆ ಪ್ರೊಬೇಟ್ ಆದ ಉಯಿಲು ಗುಟ್ಟಲ್ಲ: ಅಂಥ ಉಯಿಲುಗಳನ್ನು ಇಡುತ್ತಿದ್ದ ಲಂಡನ್ನಿನ ಸಾಮರ್‌ಸೆಟ್ ಹೌಸಿಗೆ ಹೋಗಿ ಒಂದು ಶಿಲ್ಲಿಂಗ್ ಕೊಟ್ಟರೆ ಯಾರು ಬೇಕಾದರೂ ಓದಬಹುದಿತ್ತು. ಅಲ್ಲಿ ಮೊದಲು ಹುಡುಕಬೇಕಾದದ್ದು ಉಳಿಕೆ ಆಸ್ತಿ, ಅಂದರೆ ಹೆಸರಿಸಿ ಕೊಟ್ಟದ್ದೆಲ್ಲ ಹೋಗಿ ಮಿಕ್ಕದ್ದು, ಯಾರಿಗೆ ಎಂಬ ಸಾಲನ್ನು. ಬರೆದವರಿಗಿಂತ ಮೊದಲೇ ಒಬ್ಬ ಫಲಾನುಭವಿ ಸತ್ತರೆ ಅವರ ಪಾಲು ಸಾಮಾನ್ಯವಾಗಿ ಆ ಉಳಿಕೆಗೆ ಸೇರುತ್ತದೆ. ಕೊಲೆಗೆ ಕಾರಣ ಎಷ್ಟೋ ಸಲ ಈ ಸಾಲಿನಲ್ಲೇ ಅಡಗಿರುತ್ತದೆ.

ಕೊಲೆಗಾರನಿಗೆ ಆಸ್ತಿ ದಕ್ಕುವುದಿಲ್ಲ ಎಂಬ ನಿಯಮವನ್ನು ಮೇಲ್ಮನವಿ ನ್ಯಾಯಾಲಯ ಸ್ಪಷ್ಟವಾಗಿ ಹೇಳಿದ್ದು 1892ರಲ್ಲಿ, ಗಂಡನಿಗೆ ವಿಷ ಹಾಕಿದ ಆರೋಪದಲ್ಲಿ 1889ರಲ್ಲಿ ಶಿಕ್ಷೆಯಾದ ಫ್ಲಾರೆನ್ಸ್ ಮೇಬ್ರಿಕ್ ಅವರ ವಿಮಾ ಹಣದ ವ್ಯಾಜ್ಯದಲ್ಲಿ. ಹಾಗಾಗಿ ಇಂಥ ಕಥೆಯಲ್ಲಿ ಕೊಲೆಗಾರ ಸಾವನ್ನು ಸಹಜವೆಂದು ತೋರಿಸಲೇಬೇಕು, ಇಲ್ಲವೇ ತಪ್ಪನ್ನು ಇನ್ನೊಬ್ಬ ವಾರಸುದಾರರ ತಲೆಗೆ ಕಟ್ಟಬೇಕು.

ಕನ್ನಡದಲ್ಲಿ ಇಂಥದ್ದು ಬರೆಯಹೊರಟವರು ಇಂಗ್ಲಿಷ್ ಕಾನೂನನ್ನು ಹಾಗೇ ಎತ್ತಿ ತರಬಾರದು. 1956ಕ್ಕೆ ಮುಂಚೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನೂ ಯಾರೂ ಉಯಿಲು ಬರೆಯುವಂತಿರಲಿಲ್ಲ; ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ತುಳುನಾಡಿನ ಅಳಿಯಸಂತಾನ ಕುಟುಂಬಗಳಲ್ಲೂ ಅಷ್ಟೇ. ಆದ್ದರಿಂದ ಬರೆದಿಡುವ ದೊಡ್ಡಪ್ಪನ ಹಣ ಸ್ವಯಾರ್ಜಿತವೇ ಆಗಿರಬೇಕು. ಬ್ರಿಟಿಷರ ಆಳ್ವಿಕೆಯ ಧಾರವಾಡ, ಮಂಗಳೂರುಗಳಲ್ಲಿ 1927ರಿಂದ ಹಿಂದೂಗಳ ಉಯಿಲಿಗೂ ಇಬ್ಬರು ಸಾಕ್ಷಿಗಳು ಬೇಕಾದರು, ಆದರೆ ಇಬ್ಬರೂ ಒಟ್ಟಿಗೇ ಇರಬೇಕೆಂದಿಲ್ಲ. ಮದುವೆಯಿಂದ ಆ ಉಯಿಲು ರದ್ದಾಗುವುದೂ ಇಲ್ಲ, ಅಂದರೆ ಗುಟ್ಟಿನ ಮದುವೆಯ ಸುಳಿವು ಇಲ್ಲಿ ಕೆಲಸಕ್ಕೆ ಬಾರದು. ಮೈಸೂರು ಸಂಸ್ಥಾನದಲ್ಲಿ ಕಥೆ ನಡೆಸುವವರು 1933ರಲ್ಲಿ ಅಲ್ಲಿ ಬಂದ, ಹಿಂದೂ ಸ್ತ್ರೀಯರ ಆಸ್ತಿ ಹಕ್ಕನ್ನು ವಿಸ್ತರಿಸಿದ ಕಾಯಿದೆಯನ್ನು ಓದಿಕೊಂಡು, ಆಮೇಲೆ ನಾಯಕಿಗೆ ಕಾಗದ ಬರುವ ಇಸವಿಯನ್ನು ಗೊತ್ತುಮಾಡಿಕೊಳ್ಳಲಿ.